ಮೆಣಸು ಮತ್ತು ಮೆಣಸಿನಕಾಯಿ: ಸೊಲ್ಲಾಪುರ–ಅಕ್ಕಲಕೋಟೆ ಸೀಮೆಯ ಅಡಿಗೆಮನೆಯ ಚರಿತ್ರೆ

ಅಡಿಗೆಮನೆಯ ವಿಷಯವನ್ನು ಸಂಶೋಧನೆಯ ಸಂಚಿಕೆಗೆ ತಂದುದಕ್ಕಾಗಿ ವಾಚಕರು ಹುಬ್ಬೇರಿಸಬಹುದು. ಶಾಸನ, ದೇವಾಲಯ, ಅರಸುಮನೆತನಗಳ ವಿಷಯವಾಗಿ ನಮ್ಮ ಶಿಕ್ಷಕ ಬಂಧುಗಳು ಬೇಕಾದಷ್ಟು ಬರೆದಿದ್ದಾರೆ. ನಾನೂ ಒಂದೆರಡು ಸಲ ಬರೆದವನೇ. ಆದರೆ ಈ ಸಲ ನನ್ನನ್ನು ಲೇಖನಕ್ಕೆ ಹಚ್ಚಿದ್ದು ಕಲ್ಲಿನ ಬರೆಹವಲ್ಲ, ಒಂದು ಎಲೆ. ಮತ್ತು ಆ ಎಲೆಯ ಹಿಂದೆಯೇ ಹೊರಬಿದ್ದ ನನ್ನದೇ ಒಂದು ತಪ್ಪು.

ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯವನಾದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಈಗ ಅಮೇರಿಕೆಯಲ್ಲಿ ಉದ್ಯೋಗದಲ್ಲಿದ್ದಾನೆ. ರಜೆಗೆ ಊರಿಗೆ ಬಂದಾಗ ಮನೆಗೆ ಕರೆದು, ಅಲ್ಲಿಯ ಊಟೋಪಚಾರಗಳ ವರ್ಣನೆ ಮಾಡುತ್ತ, 'ಅಲ್ಲಿ ಕೋಳಿಯ ಮಾಂಸವನ್ನು ಸಣ್ಣಗೆ ಕೊಚ್ಚಿ, ಬೆಳ್ಳುಳ್ಳಿ ಮೆಣಸಿನಕಾಯಿ ಹಾಕಿ ಹುರಿದು, ಲೆಟ್ಯೂಸ್ ಎಂಬ ಹಸಿ ಎಲೆಯಲ್ಲಿ ಸುತ್ತಿ ಕೈಯಿಂದಲೇ ತಿನ್ನುತ್ತಾರೆ. ಚೀನೀಯರಿಂದ ಬಂದ ಪದ್ಧತಿಯಂತೆ' ಎಂದನು. ರೊಟ್ಟಿ ಬಡಿಯುತ್ತಿದ್ದ ಅವನ ತಾಯಿ ತಿರುಗಿ ನೋಡಿ, 'ಅದರಾಗ ಹೊಸಾದೇನೈತಿ ಸರ? ನಾವು ಹೊಲದಾಗ ಹತ್ತರಕಿ ಎಲಿಯಾಗ ಖಾರ ಸುತಗೊಂಡು ತಿಂತಿದ್ದಿಲ್ಲೇನು? ಇವಗ ಮರತೈತಿ' ಎಂದಳು. ಮಗನು ನಕ್ಕನು. ನಾನು ಮಾತ್ರ ಮನೆಗೆ ಬಂದು ಸಸ್ಯಶಾಸ್ತ್ರದ ಪುಸ್ತಕ ತೆಗೆದೆನು.

ಆ ತಾಯಿಯ ಮಾತು ಅವಳಿಗೆ ತಿಳಿದುದಕ್ಕಿಂತ ಹೆಚ್ಚು ನಿಜವಾಗಿತ್ತು. ನಮ್ಮ ಎರೆಹೊಲಗಳಲ್ಲಿ ಹಿಂಗಾರಿ ಬೆಳೆಯ ನಡುವೆ ತಾನಾಗಿ ಹುಟ್ಟುವ ಹತ್ತರಕಿಯು (ಕೆಲವೆಡೆ ಹಕ್ಕರಕಿ ಎನ್ನುವರು, ಮರಾಠಿಯಲ್ಲಿ ಪಾಥರಿ) ಲೆಟ್ಯೂಸಿನ ಹತ್ತಿರದ ಬಂಧು. ಸೇವಂತಿಗೆ, ಸೂರ್ಯಕಾಂತಿ, ನಮ್ಮ ಕುಸುಬಿ ಇವೆಲ್ಲ ಇರುವ ದೊಡ್ಡ ಕುಟುಂಬದಲ್ಲಿಯೇ, ಎಲೆ ಮುರಿದರೆ ಹಾಲು ಒಸರುವ ಒಂದು ಒಳಪಂಗಡಕ್ಕೆ ಇವೆರಡೂ ಸೇರಿವೆ. ಲೆಟ್ಯೂಸಿನ ಲ್ಯಾಟಿನ್ ಹೆಸರಾದ ಲ್ಯಾಕ್ಟುಕಾ ಎಂಬುದೇ ಹಾಲು ಎಂಬ ಅರ್ಥದ ಮಾತಿನಿಂದ ಬಂದಿದೆ. ಪರದೇಶದವರು ಮಡಿ ಮಾಡಿ, ನೀರುಣಿಸಿ ಬೆಳೆಸುವ ಎಲೆಯ ಜಾತಿಯನ್ನೇ ನಮ್ಮವರು ಕಳೆಯೆಂದು ಕಿತ್ತು, ಕಿತ್ತದ್ದನ್ನು ಸೆರಗಿನಲ್ಲಿ ಒರೆಸಿ ಹಸಿಯಾಗಿಯೇ ರೊಟ್ಟಿಯ ಮಗ್ಗುಲಿಗೆ ಇಟ್ಟುಕೊಳ್ಳುತ್ತ ಬಂದಿದ್ದಾರೆ. ಮೆಂತೆ, ಉಳ್ಳಾಗಡ್ಡಿಯ ತಪ್ಪಲು, ಮೂಲಂಗಿಯ ಎಲೆ, ಎಳೆಯ ಕುಸುಬಿ—ಇವೂ ಹಾಗೆಯೇ. ಹಸಿ ತಪ್ಪಲವಿಲ್ಲದ ರೊಟ್ಟಿಯೂಟವು ನಮ್ಮ ಸೀಮೆಯಲ್ಲಿ ಚಳಿಗಾಲದಲ್ಲಿ ಊಟವೇ ಅಲ್ಲ.

ಎಲೆಯ ಪ್ರಶ್ನೆ ಹೀಗೆ ಬಗೆಹರಿಯಿತು. ಅದರೊಳಗೆ ಸುತ್ತಿದ ಖಾರದ ಪ್ರಶ್ನೆ ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಸ್ನೇಹಸಮ್ಮೇಳನಕ್ಕಾಗಿ ಸೊನ್ನಲಿಗೆಯ ಸಿದ್ಧರಾಮನ ಮೇಲೆ ನಾನೊಂದು ಕಿರುನಾಟಕ ಬರೆದಿದ್ದೆನು. ಕೆರೆ ತೋಡುವ ಒಡ್ಡರಿಗೆ ದಾಸೋಹ ನಡೆಯುವ ದೃಶ್ಯದಲ್ಲಿ, ಜೋಳದ ರೊಟ್ಟಿಯನ್ನೂ ಮೆಣಸಿನಕಾಯಿಯ ಚಟ್ನಿಯನ್ನೂ ಶೇಂಗಾ ಹಿಂಡಿಯನ್ನೂ ಬಡಿಸುವ ಮಾತಿತ್ತು. ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. ಮರುದಿನ ಏಳನೆಯ ಇಯತ್ತೆಯ ಹುಡುಗಿಯೊಬ್ಬಳು, 'ಸರ, ಮೆಣಸಿನಕಾಯಿ ಅಮೇರಿಕಾದಿಂದ ಬಂತು ಅಂತ ವಿಜ್ಞಾನದ ಬಾಯಾರು ಹೇಳ್ಯಾರ. ಸಿದ್ಧರಾಮರ ಕಾಲಕ್ಕ ಹ್ಯಾಂಗ ಬಂತ್ರಿ?' ಎಂದು ಕೇಳಿದಳು. ನಾನು ಆಗ ಏನೋ ಹೇಳಿ ಸಾಗಹಾಕಿದೆನು. ಸಾಗಹಾಕಿದೆನೆಂಬುದು ಇಂದಿಗೂ ಮನಸ್ಸಿಗೆ ಚುಚ್ಚುತ್ತದೆ. ಮೂವತ್ತು ವರ್ಷ ಇತಿಹಾಸ ಕಲಿಸಿದವನು ಹನ್ನೆರಡನೆಯ ಶತಮಾನದ ಎಲೆಯ ಮೇಲೆ ಹದಿನಾರನೆಯ ಶತಮಾನದ ಕಾಯಿಯನ್ನು ಬಡಿಸಿದ್ದನು.

ಹುಡುಗಿಯ ಮಾತು ಸರಿಯೇ. ಮೆಣಸಿನ ಗಿಡದ ತವರು ಮೆಕ್ಸಿಕೋ ಮತ್ತು ಅದರ ಸುತ್ತಣ ಅಮೇರಿಕೆಯ ಭಾಗಗಳು. ಕೊಲಂಬಸನು 1492ರಲ್ಲಿ ಅಲ್ಲಿಗೆ ಹೋಗಿ 1493ರಲ್ಲಿ ಹಿಂದಿರುಗುವ ಮುನ್ನ ಭಾರತದಲ್ಲಿ ಯಾರೂ ಮೆಣಸಿನಕಾಯಿಯನ್ನು ಕಂಡಿರಲು ಸಾಧ್ಯವಿಲ್ಲ. ಶೇಂಗಾದ ತವರೂ ದಕ್ಷಿಣ ಅಮೇರಿಕೆಯೇ. ಅಂದರೆ ಸೊಲ್ಲಾಪುರದ ಹೆಸರನ್ನು ಇಂದು ಊರೂರಿಗೆ ಒಯ್ಯುತ್ತಿರುವ ಶೇಂಗಾ ಚಟ್ನಿಯಲ್ಲಿ ಬೆಳ್ಳುಳ್ಳಿ, ಜೀರಿಗೆ, ಉಪ್ಪುಗಳನ್ನು ಬಿಟ್ಟರೆ ಉಳಿದುದೆಲ್ಲ ಸಮುದ್ರ ದಾಟಿ ಬಂದದ್ದು!

ಹಾಗಾದರೆ ಸಿದ್ಧರಾಮನ ಕಾಲದಲ್ಲಿ ಈ ಸೀಮೆಯವರು ಖಾರಕ್ಕಾಗಿ ಏನು ಮಾಡುತ್ತಿದ್ದರು? ಇದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಸೊಲ್ಲಾಪುರವು ಯಾವ ಅರಸರ ಆಳ್ವಿಕೆಗೆ ಒಳಪಟ್ಟಿತ್ತೋ ಆ ಕಲ್ಯಾಣದ ಚಾಲುಕ್ಯರ ಅಡಿಗೆಮನೆಯ ಬಾಗಿಲು ನಮಗೆ ತೆರೆದೇ ಇದೆ. 1126ರಿಂದ 1138ರ ವರೆಗೆ ಆಳಿದ ಮೂರನೆಯ ಸೋಮೇಶ್ವರನ ಹೆಸರಿನ ಸಂಸ್ಕೃತ ಗ್ರಂಥವಾದ 'ಮಾನಸೋಲ್ಲಾಸ'ದಲ್ಲಿ ಅನ್ನಭೋಗವೆಂಬ ಒಂದು ಭಾಗವೇ ಇದೆ. ಬರೋಡೆಯ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ ಅದು ಅಚ್ಚಾಗಿದೆ. ಉದ್ದಿನ ಹಿಟ್ಟಿನ ಇಡರಿಕೆ, ದೋಸಕ, ವಟಕ, ಪೂರಿಕೆ, ಮಂಡಕ ಮುಂತಾಗಿ ನಾಲಗೆಗೆ ಪರಿಚಿತವಾದ ಹೆಸರುಗಳ ಸಾಲೇ ಅಲ್ಲಿದೆ. ಬಗೆಬಗೆಯ ಮಾಂಸಪಾಕಗಳೂ ಇವೆ. ಕೆಂಡದ ಮೇಲೆ ಸುಟ್ಟ ಮಾಂಸ, ಕೊಚ್ಚಿ ಮಸಾಲೆ ಬೆರೆಸಿ ಮಾಡಿದ ಪದಾರ್ಥ, ಹುಳಿ ಸೇರಿಸಿ ಬೇಯಿಸಿದ್ದು ಎಲ್ಲವೂ ಉಂಟು. ಖಾರಕ್ಕೆ ಹಾಕುವುದು ಕರಿಮೆಣಸು ಮತ್ತು ಶುಂಠಿ; ಘಮಕ್ಕೆ ಜೀರಿಗೆ; ಎಲ್ಲಕ್ಕೂ ಮೇಲೆ ಇಂಗಿನ ನೀರು. ಮೆಣಸಿನಕಾಯಿಯ ಸುಳಿವು ಎಲ್ಲಿಯೂ ಇಲ್ಲ.

ಅದಕ್ಕೆ ನೂರು ವರ್ಷ ಹಿಂದೆ, 1025ರ ಹೊತ್ತಿಗೆ, ಇದೇ ಚಾಲುಕ್ಯ ಆಸ್ಥಾನದ ಎರಡನೆಯ ಚಾವುಂಡರಾಯನು ಕನ್ನಡದಲ್ಲಿ 'ಲೋಕೋಪಕಾರ'ವನ್ನು ಬರೆದನು. ಬಾವಿ ತೋಡುವುದು, ಗಿಡ ಬೆಳೆಸುವುದು, ಮದ್ದು, ಮನೆ, ಮಳೆಯ ಲಕ್ಷಣ ಇವುಗಳ ಜೊತೆಗೆ ಸೂಪಶಾಸ್ತ್ರಕ್ಕೂ ಅದರಲ್ಲಿ ಒಂದು ಅಧ್ಯಾಯವಿದೆ. ಪಂಡಿತರ ಭಾಷೆಯಲ್ಲಲ್ಲ, ಜನರ ಭಾಷೆಯಲ್ಲಿ ಅಡಿಗೆಯನ್ನು ಬರೆದಿಟ್ಟವರಲ್ಲಿ ಇವನು ಮೊದಲಿಗನೆಂದು ನಾವು ಹೆಮ್ಮೆ ಪಡಬಹುದು. ಮುಂದೆ ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸನು ವಾರ್ಧಕ ಷಟ್ಪದಿಯಲ್ಲಿ 'ಸೂಪಶಾಸ್ತ್ರ' ರಚಿಸಿದನು. ಅವನ ಕಾಲಕ್ಕೆ ಪೋರ್ತುಗೀಜರ ಹಡಗುಗಳು ಪಡುವಣ ಕಡಲಿಗೆ ಬಂದಾಗಿತ್ತು. ಅಡಿಗೆಯ ಒಲೆ ಮಾತ್ರ ಇನ್ನೂ ಹಳೆಯದೇ. ಈ ಮೂರು ಗ್ರಂಥಗಳೂ ಒಂದೇ ಸಾಕ್ಷ್ಯ ನುಡಿಯುತ್ತವೆ: ಮೆಣಸು ಉಂಟು, ಮೆಣಸಿನಕಾಯಿ ಇಲ್ಲ. ಅಕ್ಬರನ ಅಡಿಗೆಮನೆಯ ಪಟ್ಟಿಗಳನ್ನು ಕೊಡುವ 'ಐನ್-ಇ-ಅಕ್ಬರಿ'ಯೂ ಸುಮಾರು 1590ರಲ್ಲಿ ಕರಿಮೆಣಸನ್ನೇ ಹೇಳುತ್ತದೆ. ಹೊಸ ಕಾಯಿಯು ಬಡಗಣದ ಅರಮನೆಯನ್ನು ಮುಟ್ಟಲು ಸಾವಕಾಶ ಹಿಡಿಯಿತು.

ಗ್ರಂಥಗಳನ್ನು ಓದಲಾರದವರಿಗೂ ಈ ಚರಿತ್ರೆ ತಿಳಿಯುವಂತೆ ನಮ್ಮ ಭಾಷೆಯೇ ಅದನ್ನು ಬಚ್ಚಿಟ್ಟುಕೊಂಡಿದೆ. ಸೊಲ್ಲಾಪುರದ ಕಾಯಿಪಲ್ಲೆಯ ಪೇಟೆಯಲ್ಲಿ ಒಂದು ಬೆಳಗು ನಿಂತರೆ ಸಾಕು. ನಾವು ಮೆಣಸಿನಕಾಯಿ ಎನ್ನುತ್ತೇವೆ, ಎಂದರೆ ಮೆಣಸಿನಂಥ ಕಾಯಿ. ಗಿರಣಿಗಳ ಕಾಲದಿಂದ ಇಲ್ಲಿ ನೆಲೆಸಿರುವ ಪದ್ಮಶಾಲಿ ನೇಕಾರರು ತೆಲುಗಿನಲ್ಲಿ ಮಿರಪಕಾಯ ಎನ್ನುತ್ತಾರೆ. ಅಲ್ಲಿಯೂ ಮಿರಿಯಮು ಎಂಬ ಕರಿಮೆಣಸಿಗೆ ಕಾಯಿ ಸೇರಿದೆ. ತಮಿಳರಲ್ಲಿ ಮಿಳಗು ಮಿಳಗಾಯ್ ಆಯಿತು. ಮರಾಠಿಯವರಲ್ಲಿ ಮಿರೆಯಿಂದ ಮಿರಚಿ. ಅದರ ಮೂಲ ಸಂಸ್ಕೃತದ ಮರೀಚ, ಅದೂ ಕರಿಮೆಣಸೇ. ಹೊಸ ಅತಿಥಿಗೆ ಯಾರೂ ಹೊಸ ಹೆಸರಿಡಲಿಲ್ಲ; ಹಳೆಯ ಯಜಮಾನನ ಹೆಸರಿನಿಂದಲೇ ಅವನನ್ನು ಕರೆದರು. ಕೊಲಂಬಸನೂ ಇದನ್ನು ಒಂದು ಬಗೆಯ ಮೆಣಸೆಂದೇ ತಿಳಿದನು. ಇಂಗ್ಲಿಷಿನವರು ಇಂದಿಗೂ ಎರಡನ್ನೂ ಪೆಪ್ಪರ್ ಎನ್ನುತ್ತಾರೆ. ನಿಜವಾಗಿ ಇವೆರಡಕ್ಕೂ ಯಾವ ರಕ್ತಸಂಬಂಧವೂ ಇಲ್ಲ. ಕರಿಮೆಣಸು ವೀಳ್ಯದೆಲೆಯ ಬಳ್ಳಿಯ ಬಂಧು; ಮೆಣಸಿನಕಾಯಿಯು ಬದನೆ, ಟೊಮೆಟೊ, ಬಟಾಟೆ, ತಂಬಾಕುಗಳ ಕುಲದ್ದು. ಕರಾವಳಿಯ ಕನ್ನಡಿಗರು ಮಾತ್ರ ಹಳೆಯದನ್ನು ಒಳ್ಳೆಮೆಣಸು ಎಂದು ಕರೆದು, ಹೊಸದು ಅಷ್ಟೊಂದು ಒಳ್ಳೆಯದಲ್ಲವೆಂಬ ತಮ್ಮ ಅಭಿಪ್ರಾಯವನ್ನು ಹೆಸರಿನಲ್ಲಿಯೇ ಉಳಿಸಿಕೊಂಡಿದ್ದಾರೆ.

'ಖಾರ' ಎಂಬ ಶಬ್ದವನ್ನೂ ನೋಡಬೇಕು. ಅದು ಸಂಸ್ಕೃತದ ಕ್ಷಾರ, ಎಂದರೆ ಬೂದಿಯುಪ್ಪಿನ ರುಚಿ. ನಮ್ಮ ಸೀಮೆಯಲ್ಲಿ ಅದು ರುಚಿಯ ಹೆಸರಾಗಿರುವುದಷ್ಟೇ ಅಲ್ಲ, ವಸ್ತುವಿನ ಹೆಸರೇ ಆಗಿದೆ: 'ಡಬ್ಬ್ಯಾಗಿನ ಖಾರ ತೀರೇತಿ' ಎಂದರೆ ಕೆಂಪು ಮೆಣಸಿನಕಾಯಿಯ ಪುಡಿ ತೀರಿತೆಂದರ್ಥ. ಮರಾಠಿಯ 'ತಿಖಟ'ಕ್ಕೂ ಇದೇ ಗತಿಯಾಗಿದೆ. ಹಸಿ ಕೆಂಪು ಕಾಯಿಯನ್ನು ಉಪ್ಪು, ಬೆಳ್ಳುಳ್ಳಿ, ನಿಂಬೆಯ ರಸಗಳೊಡನೆ ಅರೆದುದಕ್ಕೆ 'ರಂಜಕ' ಎನ್ನುತ್ತೇವೆ. ಮರಾಠಿಯ ಹಳೆಯ ಬರೆಹಗಳಲ್ಲಿ ರಂಜಕವೆಂದರೆ ತೋಫಿನ ಕಿವಿಗೆ ಹಾಕಿ ಬೆಂಕಿ ತಾಗಿಸುವ ಮದ್ದು. ಕೋಟೆಯ ಸಿಪಾಯಿಯೊಬ್ಬನು ಮೊದಲ ತುತ್ತಿಗೆ ಕಣ್ಣೀರು ತಂದುಕೊಂಡು ಈ ಹೆಸರಿಟ್ಟನೆಂದು ನಾನು ಊಹಿಸುತ್ತೇನೆ. ಇದು ಊಹೆ ಮಾತ್ರ, ಬಲ್ಲವರು ತಿದ್ದಬೇಕು.

ಕಾಯಿ ಇಲ್ಲಿಗೆ ಬಂದ ದಾರಿಯನ್ನೂ ಊಹಿಸಬಹುದು. 1510ರಲ್ಲಿ ಅಲ್ಬುಕರ್ಕನು ಗೋವೆಯನ್ನು ಕಿತ್ತುಕೊಂಡಿದ್ದು ಬಿಜಾಪುರದ ಆದಿಲಶಾಹಿಯಿಂದ. ಅದೇ ಶತಮಾನದಲ್ಲಿ ಸೊಲ್ಲಾಪುರದ ಕೋಟೆಗಾಗಿ ಬಿಜಾಪುರ ಮತ್ತು ಅಹಮದನಗರದವರು ಕಾದಾಡುತ್ತ, ಮದುವೆಯ ಒಪ್ಪಂದಗಳಲ್ಲಿ ಅದನ್ನು ಬಳುವಳಿಯಾಗಿ ಬರೆಯುತ್ತ ಇದ್ದರು. ಸೈನ್ಯ, ಎತ್ತಿನ ಹೇರು, ವ್ಯಾಪಾರಿ, ಫಕೀರ ಎಲ್ಲರೂ ಓಡಾಡಿದ ದಾರಿಯಲ್ಲಿ ಒಂದು ಹಿಡಿ ಒಣ ಬೀಜ ಬರುವುದು ಏನು ಕಷ್ಟ? ಪೋರ್ತುಗೀಜರು ಇಲ್ಲಿಗೆ ಬಂದುದು ಮಲೆಯಾಳ ಮತ್ತು ಕೆನರಾದ ಕರಿಮೆಣಸಿನ ಆಸೆಯಿಂದ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ಮೆಣಸಿನ ರಾಣಿಯೆಂದೇ ಕರೆದರು. ಹಾಗೆ ಮೆಣಸನ್ನು ಒಯ್ಯಲು ಬಂದವರೇ ಅದರ ಸ್ಥಾನ ಕಸಿಯುವ ಕಾಯಿಯನ್ನು ನಮಗೆ ಕೊಟ್ಟುಹೋದರು.

ಸ್ಥಾನ ಕಸಿದುದು ಏಕೆ? ಇಲ್ಲಿ ರುಚಿಗಿಂತ ಹಣದ ಮಾತು ಹೆಚ್ಚಿನದು. ಕರಿಮೆಣಸಿನ ಬಳ್ಳಿಗೆ ಮಲೆನಾಡಿನ ಮಳೆ ಬೇಕು, ಹಬ್ಬಲು ಮರ ಬೇಕು. ನಮ್ಮ ಬಯಲಿನಲ್ಲಿ ಅದು ಎಂದಿಗೂ ಬೆಳೆಯದು. ಸೊಲ್ಲಾಪುರದ ಬಡ ಒಕ್ಕಲಿಗನಿಗೆ ಕರಿಮೆಣಸು ಘಟ್ಟ ಹತ್ತಿ ಹೇರಿನ ಮೇಲೆ ಬರುವ, ದುಡ್ಡು ಕೊಟ್ಟು ಕೊಳ್ಳುವ, ಗಂಟಿನಲ್ಲಿ ಕಟ್ಟಿಡುವ ವಸ್ತು. ಮೆಣಸಿನಕಾಯಿಯಾದರೋ ಬಚ್ಚಲ ನೀರು ಹರಿಯುವ ಹಿತ್ತಲ ಮೂಲೆಯಲ್ಲಿ, ಬಾವಿಯ ದಂಡೆಯಲ್ಲಿ ಆರು ತಿಂಗಳಲ್ಲಿ ಫಲ ಕೊಡುತ್ತದೆ. ಹಸಿಯಾಗಿ ತಿನ್ನಬಹುದು, ಒಣಗಿಸಿ ವರ್ಷವಿಡೀ ಇಡಬಹುದು. ಮಾಳಿಗೆಯ ಮೇಲೆ ಒಣಗುವ ಕೆಂಪು ರಾಶಿಯು ಬಡವನ ಮನೆಯನ್ನೂ ಮಸಾಲೆಯ ಮನೆಯನ್ನಾಗಿ ಮಾಡಿತು. ಅರಮನೆಯ ಖಾರವು ಗುಡಿಸಲಿಗೆ ಬಂದುದು ಈ ಕಾಯಿಯಿಂದ. ಇಂಥ ಬದಲಾವಣೆಯನ್ನು ನಮ್ಮ ಪಠ್ಯಪುಸ್ತಕಗಳು ಒಂದು ಸಾಲಿನಲ್ಲಾದರೂ ಹೇಳಬಾರದೆ?

ಬರಗಾಲದ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಅರ್ಥವಿದೆ. 1876–78ರ ಮಹಾಕ್ಷಾಮದಲ್ಲಿ ಮುಂಬಯಿ ಇಲಾಖೆಯ ದಕ್ಷಿಣದ ಜಿಲ್ಲೆಗಳೊಡನೆ ಸೊಲ್ಲಾಪುರವೂ ಬೆಂದುಹೋಯಿತು. 1972ರ ಬರವನ್ನು ನನ್ನ ತಾಯಿ ಹೇಳುತ್ತಿದ್ದಳು. ಅಮೇರಿಕೆಯಿಂದ ಬಂದ ಕೆಂಪು ಮಿಲೋ ಜೋಳದ ರೊಟ್ಟಿ ಹರಿದು ಹೋಗುತ್ತಿತ್ತಂತೆ, ಬಾಯಿಗೆ ಹಿಡಿಸುತ್ತಿರಲಿಲ್ಲವಂತೆ. 'ಒಂದು ಹಸಿಮೆಣಸಿನಕಾಯಿ, ಒಂದು ಉಳ್ಳಾಗಡ್ಡಿ ಇದ್ದರ ಒಳಗ ಇಳೀತಿತ್ತು, ಇಲ್ಲಂದ್ರ ಇಲ್ಲ' ಎನ್ನುತ್ತಿದ್ದಳು. ಬರಗಾಲದ ಕಾಮಗಾರಿಯಲ್ಲಿ ಖಡಿ ಒಡೆಯುವವರ ಬುತ್ತಿಯಲ್ಲಿ ಪಲ್ಲೆ ಎಲ್ಲಿಂದ ಬರಬೇಕು? ಹಂಗೇರಿಯ ಸೆಂಟ್-ಗ್ಯೋರ್ಗಿ ಎಂಬ ವಿಜ್ಞಾನಿಯು ಸೆಗೆಡ್ ಪಟ್ಟಣದಲ್ಲಿ ಅಲ್ಲಿಯ ಕೆಂಪು ಮೆಣಸಿನಕಾಯಿಯಿಂದಲೇ 'ಸಿ' ಜೀವಸತ್ವವನ್ನು ಹೇರಳವಾಗಿ ತೆಗೆದನು. 1937ರಲ್ಲಿ ಅವನಿಗೆ ನೋಬೆಲ್ ಪಾರಿತೋಷಕ ಬಂದಿತು. ಆ ಸತ್ವವು ಬೇಯಿಸಿದರೆ ಬಹಳಷ್ಟು ಕೆಡುವುದು. ಹಸಿಯಾಗಿ ಕಚ್ಚಿದರೆ ಉಳಿಯುವುದು. ರೊಟ್ಟಿಯೊಡನೆ ಹಸಿಮೆಣಸಿನಕಾಯಿ ಕಚ್ಚುವವನನ್ನು ಪೇಟೆಯವರು ನೋಡಿ ನಗುವುದನ್ನು ನಾನು ಬಲ್ಲೆ. ಆ ಕೂಲಿಕಾರನ ಬುತ್ತಿಯಲ್ಲಿ ಹಣ್ಣಿನ ಕೆಲಸ ಮಾಡುತ್ತಿದ್ದುದು ಆ ಕಾಯಿಯೇ.

ಇಷ್ಟಾದರೂ ಹಳೆಯ ಅಡಿಗೆ ಸತ್ತಿಲ್ಲ. ಅದು ಮನೆಯ ಮೂರು ಮೂಲೆಗಳಲ್ಲಿ ಅಡಗಿ ಕುಳಿತಿದೆ. ಮೊದಲನೆಯದು ಬಾಣಂತಿಯ ಕೋಣೆ. ನಮ್ಮ ಯಾವ ಮನೆಯಲ್ಲಿಯೂ ಬಾಣಂತಿಗೆ ಮೆಣಸಿನಕಾಯಿ ಹಾಕುವುದಿಲ್ಲ. ಕರಿಮೆಣಸು, ಒಣಶುಂಠಿ, ಜೀರಿಗೆ, ತುಪ್ಪ. ಎರಡನೆಯದು ಶ್ರಾದ್ಧ ಮಾಡುವ ಮನೆಗಳ ಪಿತೃಕಾರ್ಯದ ಅಡಿಗೆ. ಅಲ್ಲಿ ಮೆಣಸಿನಕಾಯಿ, ಬಟಾಟೆ, ಟೊಮೆಟೊ ಮೂರಕ್ಕೂ ಪ್ರವೇಶವಿಲ್ಲ. ಪಿತೃಗಳು ಬದುಕಿದ್ದಾಗ ಉಣ್ಣದಿದ್ದ ಪದಾರ್ಥವನ್ನು ಈಗ ಹೇಗೆ ಬಡಿಸುವುದೆಂಬ ಸಂಕೋಚವೇ ಇದರ ಹಿಂದೆ ಇರಬಹುದು. ಪುರಿಯ ಜಗನ್ನಾಥನ ಮಹಾಪ್ರಸಾದದಲ್ಲಿಯೂ ಇದೇ ಕಟ್ಟಳೆ. ಮೂರನೆಯದು ನೆಗಡಿ ಜ್ವರದವನ ಹಾಸಿಗೆಯ ಬಳಿಯ ಮೆಣಸಿನ ಸಾರು. ಹುಟ್ಟು, ಸಾವು, ರೋಗ ಈ ಮೂರರಲ್ಲಿಯೂ ನಮ್ಮ ಜನ 1500ಕ್ಕಿಂತ ಹಿಂದಿನ ಅಡಿಗೆಯನ್ನೇ ನಂಬಿದ್ದಾರೆ. ಶಾಸನಗಳಂತೆ ಇವನ್ನೂ ನಾವು ಓದಬೇಕು. ಓದಿಸಬಲ್ಲ ಅಜ್ಜಿಯರು ವರ್ಷಕ್ಕೊಬ್ಬರಂತೆ ತೀರಿಕೊಳ್ಳುತ್ತಿದ್ದಾರೆ.

ಶೇಂಗಾ ಹಿಂಡಿಯ ವಿಷಯವನ್ನು ನಾನು ಆ ತಾಯಿಯಿಂದಲೇ ಕೇಳಿ ಬರೆದುಕೊಂಡೆನು. ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ತಿಕ್ಕಿ ಕೇರಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಖಾರ ಸೇರಿಸಿ ಒಳ್ಳಿನಲ್ಲಿ ಕುಟ್ಟಬೇಕು. ಪುಡಿಯಾಗುವುದು ಸಾಲದು, ತನ್ನ ಎಣ್ಣೆ ತಾನೇ ಬಿಟ್ಟು ಮುದ್ದೆಗಟ್ಟುವ ವರೆಗೆ ಕುಟ್ಟಬೇಕು. ಮಿಕ್ಸರಿನಲ್ಲಿ ತಿರುವಿದರೆ 'ಹಿಟ್ಟಾಗತೈತಿ, ಹಿಂಡಿ ಆಗೂದಿಲ್ಲ.' ಬಣ್ಣಕ್ಕೆ ಬ್ಯಾಡಗಿ, ಉರಿಗೆ ಲವಂಗಿ ಇಲ್ಲವೆ ಸಂಕೇಶ್ವರಿ. ಬ್ಯಾಡಗಿಯ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಅದರ ಕೆಂಪು ಹೆಚ್ಚು, ಖಾರ ಕಡಿಮೆ. ಶೇಂಗಾ ಬರುವ ಮೊದಲು ಒಳ್ಳಿನಲ್ಲಿ ಏನಿತ್ತೆಂದು ಕೇಳಿದರೆ ಉತ್ತರ ಒಳ್ಳಿನ ಮಗ್ಗುಲಲ್ಲಿಯೇ ಇದೆ: ಎಳ್ಳು, ಗುರೆಳ್ಳು, ಅಗಸಿ. ಇವುಗಳ ಹಿಂಡಿ ಈಗಲೂ ಉಂಟು. ಶೇಂಗಾ ಬಂದು ಹಳೆಯ ಪದ್ಧತಿಯೊಳಗೆ ಕುಳಿತುಕೊಂಡಿತು, ಪದ್ಧತಿಯನ್ನು ಮುರಿಯಲಿಲ್ಲ. ಈಚಿನ ದೊಣ್ಣೆ ಮೆಣಸಿನಕಾಯಿಯ ಕಥೆಯೂ ಇದೇ. ಖಾರವಿಲ್ಲದ ಆ ಹಸಿರು ಬುಗುರಿಯನ್ನು ನಮ್ಮವರು ಬದನೆಕಾಯಿಯೆಂದು ಭಾವಿಸಿ, ಹೊಟ್ಟೆ ಸೀಳಿ ಶೇಂಗಾಪುಡಿ ಗುರೆಳ್ಳುಪುಡಿ ತುಂಬಿ ಎಣ್ಣೆಗಾಯಿ ಮಾಡಿಬಿಟ್ಟರು.

ರೊಟ್ಟಿಯ ಮಾತನ್ನು ಹೆಚ್ಚು ಬೆಳೆಸುವುದಿಲ್ಲ. ಜೋಳವು ಆಫ್ರಿಕೆಯ ಮೂಲದ್ದಾದರೂ ಸಾವಿರಾರು ವರ್ಷಗಳಿಂದ ನಮ್ಮದೇ. ಉಂಡ ಜೋಳದ ಋಣಕ್ಕಾಗಿ ಪ್ರಾಣ ಕೊಡುವುದನ್ನು ಹಳಗನ್ನಡದವರು ಜೋಳವಾಳಿ ಎಂದರು. ನಮ್ಮ ಜಿಲ್ಲೆಯ ಮೊಹೋಳದ ಕೇಂದ್ರದಲ್ಲಿ ಊರಿನ ಮಾಲದಂಡಿಯಿಂದ ಆಯ್ದ ಎಂ 35–1 ತಳಿಯು ಇಡೀ ದಖನ್ನಿನ ಹಿಂಗಾರಿ ಜೋಳವಾಯಿತೆಂಬುದನ್ನು ವಿಜ್ಞಾನದ ಶಿಕ್ಷಕರು ಮಕ್ಕಳಿಗೆ ಹೇಳಬೇಕು. ಬಿಸಿ ರೊಟ್ಟಿಗೆ ಎಣ್ಣೆ ಖಾರ ಸವರಿ ಸುರುಳಿ ಮಾಡಿ ಮಗುವಿನ ಕೈಗೆ ಕೊಡುವುದೂ, ಬೆಳ್ಳುಳ್ಳಿ ಹಸಿಮೆಣಸಿನಕಾಯಿ ಹಾಕಿ ಮುಟಗಿ ಕಟ್ಟುವುದೂ ಎಲ್ಲ ಮನೆಗಳಲ್ಲಿ ಇದ್ದದ್ದೇ.

ಕೋಳಿಯ ವಿಷಯದಲ್ಲಿ ನನ್ನ ಅಧಿಕಾರ ಕಡಿಮೆ; ನಮ್ಮ ಮನೆಯಲ್ಲಿ ಅದು ಬರುವುದಿಲ್ಲ. ಆದರೂ ಚರಿತ್ರೆಗಾರನು ತನ್ನ ಎಲೆಯ ಮೇಲೆ ಬಂದುದನ್ನಷ್ಟೇ ಬರೆಯುವುದು ನ್ಯಾಯವಲ್ಲ. ಊರಕೋಳಿಯನ್ನು ಮನುಸ್ಮೃತಿ ದ್ವಿಜರಿಗೆ ನಿಷೇಧಿಸಿದೆ. ಮಾನಸೋಲ್ಲಾಸದಲ್ಲಿ ಕುಕ್ಕುಟವಿನೋದವೆಂದು ಕೋಳಿಕಾಳಗದ ವರ್ಣನೆಯೇ ಇದೆ. ಅತ್ತ ಸಾಮಾನ್ಯರ ಅಂಗಳದಲ್ಲಿ ಕೋಳಿಯು ಬೀಗರು ಬಂದಾಗಿನ ಮರ್ಯಾದೆಯಾಗಿ ಉಳಿದು ಬಂತು. ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿಯ ಬೀಜವನ್ನು ಕೋಳಿ ಹೆಕ್ಕಿ ತಿನ್ನುವುದನ್ನೂ ಅದಕ್ಕೆ ಏನೂ ಆಗದಿರುವುದನ್ನೂ ಎಲ್ಲರೂ ನೋಡಿದ್ದೇವೆ. ಕಾಯಿಯ ಕ್ಯಾಪ್ಸೈಸಿನ್ ಎಂಬ ದ್ರವ್ಯವು ಮನುಷ್ಯನ ನರದಲ್ಲಿ ಬೆಂಕಿಯ ಬಿಸಿಯನ್ನು ಅರಿಯುವ ಬಾಗಿಲನ್ನೇ ತಟ್ಟುತ್ತದೆ. ಆದುದರಿಂದಲೇ ಬಾಯಿ 'ಉರಿಯುತ್ತದೆ'. ಈ ಬಾಗಿಲನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಎಂಬವನಿಗೆ 2021ರ ನೋಬೆಲ್ ಪಾರಿತೋಷಕದಲ್ಲಿ ಪಾಲು ಬಂತು. ಹಕ್ಕಿಗಳ ಬಾಗಿಲಿಗೆ ಆ ದ್ರವ್ಯ ತಟ್ಟುವುದೇ ಇಲ್ಲ. ಗಿಡಕ್ಕೆ ತನ್ನ ಬೀಜ ಅಗಿಯುವ ಪ್ರಾಣಿ ಬೇಡ, ಹಾರಿ ಹೋಗಿ ಬಿತ್ತುವ ಹಕ್ಕಿ ಬೇಕು. ಗಿಡದ ಲೆಕ್ಕಾಚಾರವನ್ನು ತಪ್ಪಿಸಿದವರು ಉರಿಯನ್ನೇ ರುಚಿಯೆಂದು ಮೆಚ್ಚಿಕೊಂಡ ನಾವು.

ಕಳೆದ ಎಳ್ಳಮಾಸಿಗೆ ಅದೇ ವಿದ್ಯಾರ್ಥಿಯ ಹೊಲಕ್ಕೆ ಚರಗಕ್ಕೆ ಹೋಗಿದ್ದೆನು. ಮರಾಠಿಯವರು ಇದನ್ನು ವೇಳ ಅಮಾವಾಸ್ಯೆ ಎನ್ನುತ್ತಾರೆ. ಹೊಲಗಳ ಬದುವಿನಲ್ಲಿ ಎರಡು ಭಾಷೆಗಳಿದ್ದರೂ ಹಬ್ಬ ಒಂದೇ. ಕಣಿಕೆಯ ಪುಟ್ಟ ಗುಡಿಸಲಲ್ಲಿ ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜಿಸಿ, ಜೋಳದ ಬೆಳೆಯೊಳಗೆ ಚರಗ ಚೆಲ್ಲಿ ಬಂದೆವು. ಎಳ್ಳು ಹಚ್ಚಿದ ಸಜ್ಜಿಯ ರೊಟ್ಟಿ, ಹಸಿ ಕಾಳು ತಪ್ಪಲಗಳ ಭಜ್ಜಿ, ಮಡಕೆಯ ಅಂಬಲಿ. ಭಜ್ಜಿಯಲ್ಲಿ ಶೇಂಗಾ ಮೆಣಸಿನಕಾಯಿ ಎರಡನ್ನೂ ಕೈಬಿಟ್ಟರೂ ಉಳಿಯುವ ತೊಗರಿ, ಅವರೆ, ಕಡಲೆ, ಎಳ್ಳು ಇವೆಲ್ಲ ಸಿದ್ಧರಾಮನು ಕಂಡಿರಬಹುದಾದವೇ. ಈ ಮಾತನ್ನು ನಾನು ಊಟಕ್ಕೆ ಕುಳಿತಲ್ಲಿಯೇ ಹೇಳಿದೆನು. ನನ್ನ ನಾಟಕದ ತಪ್ಪನ್ನೂ, ಈ ವರ್ಷ ಆ ಮಾತನ್ನು ತಿದ್ದಿರುವುದನ್ನೂ ಹೇಳಿದೆನು. ಆ ಹುಡುಗಿ ಈಗ ಹತ್ತನೆಯ ಇಯತ್ತೆಯಲ್ಲಿದ್ದಾಳೆ. ತಿದ್ದಿದ ಪ್ರತಿಯನ್ನು ಅವಳಿಗೇ ಮೊದಲು ಓದಲು ಕೊಟ್ಟೆನು.

ತಾಯಿ ಕೇಳುತ್ತ ಕೇಳುತ್ತ ಹತ್ತರಕಿಯ ನಾಲ್ಕು ಎಲೆ ತೊಳೆದು ನನ್ನ ರೊಟ್ಟಿಯ ಮೇಲೆ ಇಟ್ಟಳು. 'ಹಂಗಾರ ಸರ, ಮೆಣಸಿನಕಾಯಿ ಇಲ್ಲ, ಶೇಂಗಾ ಇಲ್ಲ. ಸಿದ್ಧರಾಮಪ್ಪಗ ರೊಟ್ಟಿ ಜೋಡಿ ಏನು ಹಚ್ಚಿ ಕೊಟ್ಟಿರಬೇಕು ಅಕಿ, ಆಗಿನ ಕಾಲದ ಹೆಣಮಗಳು?' ಎಂದು ಕೇಳಿದಳು.

'ಎಳ್ಳಿನ ಹಿಂಡಿ ಇದ್ದೀತವ್ವ,' ಎಂದೆನು. 'ಇಂಗು ಇದ್ದೀತು. ಉಳ್ಳವರಾದರೆ ಎರಡು ಕಾಳು ಮೆಣಸು. ಈ ಎಲಿ ಮಾತ್ರ ಆಗಲೂ ಹೊಲದಾಗ ಇದ್ದಿರಬೇಕು.'

ಅವಳು ಸ್ವಲ್ಪ ಹೊತ್ತು ಯೋಚಿಸಿ, 'ಎಳ್ಳಿನ ಹಿಂಡಿ ಅಂದ್ರ ಸಪ್ಪಗೇನಿರೂದಿಲ್ಲ ಬಿಡ್ರಿ. ಬಳ್ಳೊಳ್ಳಿ ಜಾಸ್ತಿ ಹಾಕಿದ್ದಾಳು' ಎಂದಳು.